ಗುಂಡಿ ಡಬ್ಬಿಯೊಳಗಿನ ಹೆಸರು

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಅಕ್ಕ ಒಡಪನ್ನು ಅರ್ಧಕ್ಕೆ ನಿಲ್ಲಿಸಿದರು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಬಿಸಿ ಮೇಣದಲ್ಲಿ ಅದ್ದಿ ತೆಗೆದ ಕೈಯನ್ನು ಎಷ್ಟು ಹೊತ್ತು ಟವೆಲ್ಲಿನಲ್ಲಿ ಸುತ್ತಿಡಬೇಕೆಂದು ನೋಡಿಕೊಳ್ಳಲು ಅದನ್ನು ಅಲ್ಲಿ ನಾನೇ ಹಾಕಿಸಿದ್ದೆ. ಅದಕ್ಕೇ ವೇಳೆ ಅಷ್ಟು ಸರಿಯಾಗಿ ನೆನಪಿದೆ.

ಆಗ ನಾನು ಚಿಕ್ಕೋಡಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್. ನೋಯುವ ಸೊಂಟ, ಮಡಚದ ಮೊಣಕಾಲು, ಪ್ಲಾಸ್ಟರ್ ಬಿಚ್ಚಿದ ಕೈ, ಲಕ್ವ ಹೊಡೆದವರ ತೋಳು, ಇವೇ ನನ್ನ ದಿನ. ನನ್ನ ಊರು ಗದಗಿನ ಕಡೆ. ಮದುವೆಯಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಖೋಲಿ. ಬೆಳಗಿನಿಂದ ಜನರ ಕೈಕಾಲು ಹಿಡಿದು ಮಾತಾಡಿಸುತ್ತಿದ್ದವಳಿಗೆ ಸಂಜೆ ಬೀಗ ತೆಗೆದ ಮೇಲೆ ಮಾತಿಗೆ ಯಾರೂ ಇರುತ್ತಿರಲಿಲ್ಲ.

ನಾನು ಅಕ್ಕ ಎಂದು ಕರೆಯುತ್ತಿದ್ದ ಆ ರೋಗಿ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವರು. ಕೆಲವು ವರ್ಷಗಳಿಂದ ಬೆರಳಿನ ಚರ್ಮ ಬಿಗಿಯುತ್ತ ಬಂದು ಸೂಜಿಗೆ ದಾರ ಪೋಣಿಸುವುದೂ ಆಗದಂತಾಗಿತ್ತು. ಚಳಿ ಬಿದ್ದರೆ ಬೆರಳ ತುದಿ ಮೊದಲು ಸುಣ್ಣದ ಹಾಗೆ ಬೆಳ್ಳಗಾಗಿ ಆಮೇಲೆ ನೇರಳೆಗೆ ತಿರುಗುತ್ತಿತ್ತು. ಸ್ಕ್ಲೀರೋಡರ್ಮಾ ಎಂದು ಮಿರಜಿನ ಡಾಕ್ಟರರು ಹೇಳಿದ್ದರು. ಚರ್ಮವನ್ನು, ಕೀಲುಗಳನ್ನು, ಒಳಗಿನ ಅಂಗಗಳನ್ನು ಹಿಡಿದಿಟ್ಟಿರುವ ಅಂಗಾಂಶವನ್ನು ದೇಹವೇ ಗಟ್ಟಿ ಮಾಡಿಕೊಳ್ಳುತ್ತ ಹೋಗುವ ಕಾಯಿಲೆ. ಬೆರಳಿಗೆ ಬಿಸಿ ಮೇಣ ಹಚ್ಚಿಸಿಕೊಂಡು ವ್ಯಾಯಾಮ ಮಾಡಲು ಅವರು ನನ್ನ ಹತ್ತಿರ ಬರುತ್ತಿದ್ದರು.

ಮುಖವೂ ಬಿಗಿದಿತ್ತು. ಒಂದು ನೆರಿಗೆ ಇಲ್ಲ, ಮೂಗು ಚೂಪು. "ಏನ್ ಹಚ್ಕೋತಿ ಖರೆ ಹೇಳಬೇ, ನಿನಗ ವಯಸ್ಸ ಆಗವಲ್ದಲ್ಲ!" ಎಂದು ಓಣಿಯ ಹೆಂಗಸರು ಕೇಳುತ್ತಿದ್ದರಂತೆ. ಅಕ್ಕ ಅದನ್ನು ನನಗೆ ಹೇಳಿ ನಗಲು ನೋಡುತ್ತಿದ್ದರು. ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಅದು. ಪಕ್ಕದ ಕುರ್ಚಿಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಮಣಿಕಟ್ಟು ಮುರಿದುಕೊಂಡು ಬಂದು ಕುಳಿತಿದ್ದಳು. ಕಾಯುತ್ತಿದ್ದ ಹೆಂಗಸರು ಒಡಪು ಹೇಳು ಎಂದು ಅವಳಿಗೆ ಗಂಟುಬಿದ್ದರು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಪ್ರಾಸ ಕಟ್ಟಿದ ಮೂರು ನಾಲ್ಕು ಸಾಲು ಹೇಳಿ, ಉಸಿರು ಕಡಿಯದಂತೆ, ಕೊನೆಗೆ ಹೆಸರನ್ನು ತಂದು ಕೂಡಿಸಬೇಕು. ಹುಡುಗಿ ನಾಚಿ ತಲೆ ತಗ್ಗಿಸಿದಳು. "ಇಷ್ಟಕ್ಕ ಇಷ್ಟ್ಯಾಕ ನಾಚ್ತಿ? ನಾ ಹೇಳ್ತೀನಿ ಕೇಳಿಲ್ಲೆ" ಎಂದು ಅಕ್ಕ ಶುರು ಮಾಡಿದರು.

"ಕರಿ ಹೊಲಿಗಿ ಮಿಷನ್ನಿಗೆ ಕೆಂಪ ದಾರದ ಉಂಡಿ,
ಹಸರ ಖಣದ ಮ್ಯಾಲ ಹೆಣದೇನ ಮಲ್ಲಿಗಿ ದಂಡಿ,
ಕೋರ್ಟಿನ ಕರೆ ಹೊತ್ತ ಹೊಂಟಾರ ಏರಿ ಸೈಕಲ್ ಬಂಡಿ..."

ಅಲ್ಲಿಗೆ ನಿಂತರು. ಹೆಸರು ಬರಲಿಲ್ಲ.

"ಅಯ್ಯ, ಗಂಡನ ಹೆಸರ ಮರತ್ಲ ನೋಡ್ರೇ!" ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಕ್ಕನ ತುಟಿ ನೋಡಿದೆ. ಚಳಿಯಲ್ಲಿ ಬೆರಳಿಗೆ ಬರುವ ನೇರಳೆ ಬಣ್ಣ ತುಟಿಗೂ ಬಂದಿತ್ತು. ಕುತ್ತಿಗೆಯ ನರ ಕುಣಿಯುತ್ತಿತ್ತು. ಕುಳಿತಲ್ಲೇ ಕುಳಿತವರಿಗೆ ಮೂರು ಸಾಲಿಗೆ ಉಸಿರು ಸಾಲದೆ ಹೋಗಿತ್ತು.

ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಕ್ಲಿಪ್ಪನ್ನು ಮೇಣ ಹಚ್ಚದ ಕೈಯ ಬೆರಳಿಗೆ ಹಾಕಿದೆ. ಅಂಕಿಯ ಬದಲು ಎರಡು ಗೆರೆ ಬಂದವು. ಇನ್ನೊಂದು ಬೆರಳು, ಮತ್ತೆ ಗೆರೆ. "ಮಷೀನ್ ಕೆಟ್ಟೈತ್ರಿ" ಎಂದಳು ನರ್ಸ್. ತನ್ನ ಬೆರಳಿಗೆ ಹಾಕಿಕೊಂಡಳು, ಸರಿಯಾಗಿ ತೋರಿಸಿತು. ಮಷೀನ್ ಕೆಟ್ಟಿರಲಿಲ್ಲ. ಅಕ್ಕನ ಬೆರಳ ತುದಿಗೆ ರಕ್ತವೇ ಸರಿಯಾಗಿ ತಲುಪುತ್ತಿರಲಿಲ್ಲ. ಬೆರಳಿನ ಕ್ಲಿಪ್ಪನ್ನು ಕಿವಿಗೆ ಕಚ್ಚಿಸುವುದು ಪುಸ್ತಕದ ಕ್ರಮವಲ್ಲ, ಆದರೆ ನನ್ನ ಹತ್ತಿರ ಬೇರೆ ಸಾಧನವಿರಲಿಲ್ಲ. ಕಿವಿಯ ಹಾಲೆಯನ್ನು ತಿಕ್ಕಿ ಬೆಚ್ಚಗೆ ಮಾಡಿ ಹಾಕಿದೆ. ಸುಮ್ಮನೆ ಕುಳಿತವರಲ್ಲಿ ಕಾಣಬಾರದಷ್ಟು ಕಡಿಮೆ ಅಂಕಿ ಅದು. ಮೊಗಸಾಲೆಯಲ್ಲಿ ನಿಧಾನ ನಡೆಸಿದೆ. ಎರಡನೇ ಸುತ್ತಿಗೆ ಗೋಡೆ ಹಿಡಿದು ನಿಂತುಬಿಟ್ಟರು.

"ಎಷ್ಟ ದಿನದಿಂದ ಹಿಂಗ ಆಗಾಕತ್ತೈತ್ರೀ?"

"ದಮ್ಮ ಅಲ್ರೀ ಅದು? ಪಂಪ್ ಐತ್ರಿ ಮನ್ಯಾಗ. ಎಳಕೋತೀನಿ, ಕಡಿಮಿ ಆಗಂಗಿಲ್ಲ."

ಈ ಸೀಮೆಯಲ್ಲಿ ಏದುಸಿರು ಯಾವುದೇ ಇರಲಿ, ಅದು ದಮ್ಮು. ದಮ್ಮು ಎಂದರೆ ಅಸ್ತಮಾ, ಅಸ್ತಮಾ ಎಂದರೆ ಬಾಯಿಗೆ ಔಷಧ ಎಳೆದುಕೊಳ್ಳುವ ಪಂಪು. ಒಂದು ಪದದ ಕೆಳಗೆ ಅಕ್ಕನ ಕಾಯಿಲೆ ಎಷ್ಟೋ ತಿಂಗಳು ಮುಚ್ಚಿಹೋಗಿತ್ತು. ನಮ್ಮ ದೊಡ್ಡ ಡಾಕ್ಟರರೂ ಮೊದಲು "ದಮ್ಮ ಐತಿ, ಔಷಧ ಬದಲಿ ಮಾಡೂಣು" ಎಂದರು. ಎದೆಯ ಎಕೋ ಮಾಡಿಸೋಣವೇ ಎಂದೆ. "ಕೈ ನೋಡಾಕ ನೀ ಅದಿ, ಎದಿ ನೋಡಾಕ ನಾ ಅದೀನಿ. ಅದಲಾ ಬದಲಿ ಮಾಡೂಣೇನ?" ಎಂದು ನಕ್ಕರು. ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿ, ಸ್ಟೆತಸ್ಕೋಪನ್ನು ಅಕ್ಕನ ಎದೆಯ ಎಡಭಾಗದಲ್ಲಿ ಬಹಳ ಹೊತ್ತು ಇಟ್ಟು ಕೇಳಿದರು. ಆಮೇಲೆ ತಾವೇ ಚೀಟಿ ಬರೆದರು.

ಎಕೋದಲ್ಲಿ ಹೃದಯದ ಬಲಗಡೆ ಹಿಗ್ಗಿ ನಿಂತಿತ್ತು. ಮಿರಜಿನಲ್ಲಿ ರಕ್ತನಾಳದೊಳಗೆ ಸಣ್ಣ ನಳಿಕೆ ಹಾಯಿಸಿ ಒತ್ತಡ ಅಳೆದು ಖಚಿತ ಮಾಡಿದರು. ತೋಳಿಗೆ ಪಟ್ಟಿ ಕಟ್ಟಿದರೆ ಕಾಣದ ಇನ್ನೊಂದು ಬಿ.ಪಿ. ಅದು, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳಗಳದ್ದು. ಬೆರಳಿನ ಚರ್ಮಕ್ಕೆ ಆದದ್ದೇ ಆ ನಾಳಗಳ ಗೋಡೆಗೂ ಆಗಿತ್ತು. ದಪ್ಪಗಾಗಿ, ಇಕ್ಕಟ್ಟಾಗಿ, ಬಡಪಾಯಿ ಹೃದಯ ಆ ಸಂದಿಯೊಳಗೆ ರಕ್ತವನ್ನು ನೂಕಿ ನೂಕಿ ಸೋಲುತ್ತಿತ್ತು. ವಾಸಿ ಮಾಡುವ ಔಷಧವಿಲ್ಲ, ನಾಳಗಳನ್ನು ಸಡಿಲಿಸಿ ಹೃದಯಕ್ಕೆ ಬಿಡುವು ಕೊಡುವ ಗುಳಿಗೆ ಇದೆ, ಒಂದು ಹೊತ್ತೂ ತಪ್ಪಿಸಬಾರದು ಎಂದರು.

ಆ ಗುಳಿಗೆಯ ಚೀಟಿ ಹಿಡಿದು ಅಕ್ಕನ ಗಂಡ ಆಸ್ಪತ್ರೆಯ ಎದುರಿನ ಮೆಡಿಕಲ್ಲಿಗೆ ಹೋದರು. ಅವರು ಕೋರ್ಟಿನ ಬೇಲಿಫ್. ಅವರಿವರ ಮನೆಯ ಬಾಗಿಲಲ್ಲಿ ನಿಂತು, ಓಣಿಯೆಲ್ಲ ಕೇಳುವಂತೆ ಹೆಸರು ಕೂಗಿ, ಸಮನ್ಸ್ ಕೊಟ್ಟು ಬರುವ ಕೆಲಸ. ಅಂಥವರು ಬರಿಗೈಯಲ್ಲಿ, ಕಿವಿ ಕೆಂಪಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಮೇಡಮ್ಮಾರ, ಡಾಕ್ಟರ ಚೀಟಿ ಅದಲಾ ಬದಲಿ ಆಗೇತಿ ಕಾಣ್ತೈತ್ರಿ."

"ಯಾಕ್ರಿ ಅಣ್ಣಾ?"

"ಅಂಗಡ್ಯಾಂವ ನನ್ನ ಮಾರಿ ನೋಡಿ, 'ದಾದಾ, ಯಾರಿಗಿ?' ಅಂದ. 'ಮನಿಯಾಕಿಗಿ' ಅಂದೆ. ನಿಂತಾವರೆಲ್ಲಾ ಹೋ ಅಂತ ನಕ್ಕರ್ರಿ."

ಗುಳಿಗೆಯ ಹೆಸರು ಸಿಲ್ಡೆನಾಫಿಲ್. ಗಂಡಸರು ಹಾಸಿಗೆಯ ಶಕ್ತಿಗೆಂದು ಕದ್ದು ಕೇಳಿ ಒಯ್ಯುವ ಗುಳಿಗೆ ಎಂದೇ ಅದು ಊರಿಗೆ ಗೊತ್ತು. ಅದೇ ಔಷಧ ಶ್ವಾಸಕೋಶದ ನಾಳಗಳನ್ನೂ ಸಡಿಲಿಸುತ್ತದೆ ಎಂದು ನಾನು, ಅವರಿಗಿಂತ ಹದಿನೈದು ವರ್ಷ ಸಣ್ಣವಳು, ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದೆ. ಇನ್ನೊಂದು ಮಾತನ್ನೂ ಒತ್ತಿ ಹೇಳಿದೆ: ಎದೆನೋವಿಗೆಂದು ನಾಲಿಗೆಯ ಕೆಳಗೆ ಇಡುವ ಗುಳಿಗೆಯನ್ನು ಇದರ ಜೊತೆ ಎಂದಿಗೂ ಕೊಡಬಾರದು. ಎರಡೂ ನಾಳ ಸಡಿಲಿಸುವಂಥವು, ಕೂಡಿದರೆ ಬಿ.ಪಿ. ಪೂರ್ತಿ ಕುಸಿದು ಜೀವ ಹೋಗಬಹುದು. ಹತ್ತಿರದವರಿಗೆಲ್ಲ ಇದು ಗೊತ್ತಿರಬೇಕು ಎಂದೆ.

ಅವರು ಚಿತ್ರವನ್ನೇ ನೋಡುತ್ತ ಕೇಳಿದರು. "ತಿಳೀತ್ರಿ. ಗುಳಿಗಿ ತಪ್ಪಸಂಗಿಲ್ಲ. ಹೆಸರ ಮಾತ್ರ ಯಾರ ಮುಂದೂ ಬ್ಯಾಡ್ರಿ."

ಮುಂದೆ ಅವರು ಗುರುತು ಪರಿಚಯವಿಲ್ಲದ ನಿಪ್ಪಾಣಿಗೆ ಹೋಗಿ ಗುಳಿಗೆ ತರತೊಡಗಿದರು. ಮನೆಗೆ ಬಂದವರ ಕಣ್ಣಿಗೆ ಹೆಸರು ಬೀಳಬಾರದೆಂದು ಸ್ಟ್ರಿಪ್ಪಿನ ಹಾಳೆಯಿಂದ ಬಿಡಿಸಿ ಅಕ್ಕನ ಗುಂಡಿ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ರವಿಕೆಯ ಹುಕ್ಕು, ಅಂಗಿಯ ಗುಂಡಿಗಳ ನಡುವೆ ಗುಳಿಗೆಗಳು. ಅಕ್ಕ ಕೆಲವೇ ವಾರಗಳಲ್ಲಿ ಮೊಗಸಾಲೆಯ ಕೊನೆಯವರೆಗೂ ನಡೆದರು. ನನಗೆ ಯಾರಿಗಾದರೂ ಹೇಳಬೇಕೆನಿಸಿತು. ಖಾನಾವಳಿಯಲ್ಲಿ ರೊಟ್ಟಿ ಬಡಿಸುವ ಅಜ್ಜಿಗೆ, "ಇವತ್ತ ಒಬ್ಬಾಕಿ ಚಲೋ ನಡದ್ಳು" ಎಂದೆ. "ಕಾಲ ಮುರದಿತ್ತೇನ ಪಾಪ?" ಎಂದರು ಅಜ್ಜಿ. ಹೌದು ಎಂದುಬಿಟ್ಟೆ.

ಹಾರೂಗೇರಿಯಲ್ಲಿ ಬೇಲಿಫರ ತಂಗಿಯ ಮನೆ. ಆಕೆಯ ಬಸುರಿ ಸೊಸೆಗೆ ಕುಬಸ, ಅಂದರೆ ಸೀಮಂತ. "ನೀವೂ ಒಬ್ಬರ ಇರ್ತೀರಿ, ಐತವಾರ ಊಟಕ್ಕ ಬರ್ರಿ" ಎಂದು ಅಕ್ಕ ನನ್ನನ್ನೂ ಕರೆದಿದ್ದರು. ಗಂಡ ಹೆಂಡತಿ ಎರಡು ದಿನ ಮೊದಲೇ ಹೋಗಿದ್ದರು. ನಾನು ಆ ಭಾನುವಾರ ಬಸ್ಸಿನಲ್ಲಿ ಹೋದೆ. ಕಿವಿಯ ಕ್ಲಿಪ್ಪು ಚೀಲದಲ್ಲಿತ್ತು. ಅದನ್ನು ಎಲ್ಲಿಗೆ ಹೋದರೂ ಒಯ್ಯುವುದು ಆಗ ರೂಢಿಯಾಗಿಬಿಟ್ಟಿತ್ತು.

ಪಡಸಾಲೆಯಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಅಕ್ಕ ಮೂಲೆಯ ಕಂಬಕ್ಕೆ ಒರಗಿದ್ದರು. ಮುಖದಲ್ಲಿ ಬೆವರು, ಪಾದ ಬಾತಿತ್ತು. ಹತ್ತಿರ ಕೂತೆ. ಅವರು ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಮನಿತುಂಬ ಮಂದಿ. ಡಬ್ಬಿ ತಗದ್ರ ಏನದು ಅಂತ ಕೇಳ್ತಾರು. ನಿನ್ನೆ ಒಂದೂ ನುಂಗಲಿಲ್ಲ. ಈಗ ಬಚ್ಚಲಕ್ಕ ಹೋಗಿ ಎರಡ ಕೂಡೇ ನುಂಗಿ ಬಂದೆ."

ನಾನು ಏಳುವಷ್ಟರಲ್ಲಿ ಅವರು ಎದೆ ಹಿಡಿದುಕೊಂಡು ಒಂದು ಮಗ್ಗುಲಿಗೆ ವಾಲಿದರು.

"ವೈನೀ! ಏ, ವೈನಿಗಿ ಏನಾತ ನೋಡ್ರೋ!" ಎಂದು ಅತ್ತಿಗೆಯನ್ನು ಕಂಡು ಬೇಲಿಫರ ತಂಗಿ ಕೂಗಿದಳು. ಆಕೆಯ ಮಾವ, ಹೃದಯದ ಕಾಯಿಲೆಯ ಮುದುಕರು, ಎಲ್ಲರಿಗೂ ಕಾಕಾ, ಧಾವಿಸಿ ಬಂದರು. ಕಿಸೆಯಿಂದ ಸಣ್ಣ ಶೀಶೆ ತೆಗೆದು ಒಂದು ಗುಳಿಗೆಯನ್ನು ಅಂಗೈಗೆ ಸುರಿದುಕೊಂಡರು. "ಎದಿನೋವ ಐತಿ, ಬಾಯಿ ತಗಿ ತಂಗಿ, ನಾಲಿಗಿ ಬುಡಕ ಇಡು. ನಿಮಿಷದಾಗ ಆರಾಮ ಆಕ್ಕೈತಿ."

"ಬ್ಯಾಡ್ರಿ!" ಎಂದೆ. "ಅದನ್ನ ಕೊಡಬ್ಯಾಡ್ರಿ."

"ಯಾಕ ಬ್ಯಾಡ?" ಎಂದ ಒಬ್ಬ. "ನೀವ ಡಾಕ್ಟರೇನ್ರಿ? ಕೈಗಿ ಮೇಣ ಹಚ್ಚೂ ಹೆಣ್ಮಗಳ ಹೌದಿಲ್ಲ?"

"ಅವರು ತಗೊಳ್ಳು ಗುಳಿಗೀಗೂ ಇದಕ್ಕೂ ಕೂಡಂಗಿಲ್ರಿ."

"ಯಾವ ಗುಳಿಗಿ? ಹೆಸರ ಹೇಳ್ರಿ!"

ಬೇಲಿಫರು ಬಾಗಿಲಲ್ಲೇ ಇದ್ದರು. ನಾನು ಅವರನ್ನು ನೋಡಿದೆ. ಅವರ ಕಣ್ಣು ಸುತ್ತ ನಿಂತವರ ಮೇಲೆ ಹರಿಯಿತು. ತಂಗಿಯ ಬೀಗರು, ಅಳಿಯಂದಿರು, ಕುಬಸಕ್ಕೆ ಬಂದ ನೂರು ಹೆಂಗಸರು. ಅಕ್ಕನನ್ನು ನೋಡಿದೆ. ಅವರು ಉಸಿರಿಗೆ ಹೋರಾಡುತ್ತಲೇ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದರು: ಬೇಡ. ಕಾಕಾನ ಎರಡು ಬೆರಳ ನಡುವೆ ಆ ಗುಳಿಗೆ ಅಕ್ಕನ ತುಟಿಯ ಹತ್ತಿರ ಬಂದಿತ್ತು. ಬಿಗಿದ ಬಾಯಿ ಸುಲಭಕ್ಕೆ ತೆರೆಯದ್ದರಿಂದ ಅವರು ಗಲ್ಲ ಹಿಡಿದು ಬಿಡಿಸುತ್ತಿದ್ದರು. ಇವತ್ತಿಗೂ ನಿದ್ದೆ ಹತ್ತುವ ಮುಂಚೆ ಕಾಣುವುದು ಆ ಎರಡು ಬೆರಳು, ಆ ಬಿಳಿ ಚೂರು.

ಅವರ ಕೈ ಹಿಡಿದು ಜಗ್ಗಿ, ಕುಬಸದ ಮನೆಯ ಪಡಸಾಲೆಯಲ್ಲಿ ನಿಂತು, ಹೆಸರನ್ನು ಕೂಗಿ ಹೇಳಿದೆ. ಆ ಹೆಸರು ತಿಳಿಯದವರಿಗೆ ತಿಳಿಯುವಂತೆ, ಅಂಗಡಿಯಲ್ಲಿ ಗಂಡಸರು ಅದನ್ನು ಯಾವುದಕ್ಕೆ ಕೇಳುತ್ತಾರೋ ಅದನ್ನೂ ಹೇಳಿದೆ.

ಹಿಂದೆ ಎಲ್ಲೋ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದಳು. ಕಾಕಾ ಮಾತ್ರ ಸುಟ್ಟುಕೊಂಡವರಂತೆ ಕೈ ಹಿಂದಕ್ಕೆ ತೆಗೆದರು.

"ಅಯ್ಯಯ್ಯೋ, ಖರೆ ಐತಿ! ಅದಕ್ಕೂ ಇದಕ್ಕೂ ಆಗಂಗಿಲ್ಲ, ಸತ್ತ ಹೊಕ್ಕೀರಿ ಅಂತ ನನಗ ಡಾಕ್ಟರ್ರು ಬೈದ ಕಳಿಸಿದ್ರು."

"ನಿಮಗ್ಯಾಕ ಬೈದ್ರು ಕಾಕಾ?" ಎಂದು ಯಾರೋ ಕೇಳಿದರು. ಆಗ ಮನೆಯೆಲ್ಲ ನಕ್ಕಿತು. ಆ ನಗುವಿನ ನಡುವೆಯೇ ನಾವು ಅಕ್ಕನನ್ನು ಎತ್ತಿ ಗಾಡಿಗೆ ಹಾಕಿದೆವು.

ಊರಿನ ಆಸ್ಪತ್ರೆಯ ಡಾಕ್ಟರರಿಗೆ ಒಳಗೆ ಕಾಲಿಡುತ್ತಲೇ ಗುಳಿಗೆಯ ಹೆಸರು ಹೇಳಿದೆ. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಬಿ.ಪಿ. ಆಗಲೇ ಬಹಳ ಕೆಳಗಿತ್ತು. ಅವರು ಆಕ್ಸಿಜನ್ ಹಚ್ಚಿ, ಕೈಗೆ ಸೂಜಿ ಚುಚ್ಚಿ ಔಷಧ ಶುರು ಮಾಡಿ, ತಡಮಾಡದೆ ಮಿರಜಿಗೆ ಒಯ್ಯಿರಿ ಎಂದು ಸಿಲಿಂಡರನ್ನೂ ನರ್ಸನ್ನೂ ಜೊತೆಗೆ ಕೊಟ್ಟು ಕಳಿಸಿದರು.

ಸಿಲಿಂಡರು ನನ್ನ ಕಾಲುಗಳ ನಡುವೆ. ಒಂದು ಕೈಯಲ್ಲಿ ಮುಖವಾಡ ಒತ್ತಿ ಹಿಡಿದಿದ್ದೆ, ಇನ್ನೊಂದರಲ್ಲಿ ಅಕ್ಕನ ಕಿವಿಯ ಕ್ಲಿಪ್ಪು. ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡುತ್ತಿರಲಿಲ್ಲ. ಗಾಡಿ ಕುಣಿದಾಗಲೆಲ್ಲ ಅಂಕಿ ಹೋಗಿ ಗೆರೆ ಬರುತ್ತಿತ್ತು, ಕ್ಲಿಪ್ಪು ಸರಿದಿದೆಯೋ ಅಕ್ಕ ಸರಿದರೋ ಗೊತ್ತಾಗದೆ ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಕೃಷ್ಣೆಯ ಸೇತುವೆಯ ಮೇಲೆ ಸಿಲಿಂಡರಿನ ಮುಳ್ಳು ಕೆಂಪು ಪಟ್ಟಿಗೆ ಇಳಿಯಿತು. ನರ್ಸ್ ಅದನ್ನು ನೋಡಿದಳು, ನಾನೂ ನೋಡಿದೆ. ಮುಂದಿನ ಸೀಟಿನಲ್ಲಿ ಬೇಲಿಫರು ಹಿಂದೆ ತಿರುಗದೆ, "ಅದಾಳೇನ್ರಿ?" ಎಂದು ಕೇಳುತ್ತಲೇ ಇದ್ದರು. "ಅದಾರ್ರಿ" ಎನ್ನುತ್ತಲೇ ಇದ್ದೆ. ಅಷ್ಟು ಜನ ಅಕ್ಕನ ಸುತ್ತ ಇದ್ದ ಆ ದಿನದಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ.

ಮಿರಜಿನ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರರು ಓಡಿ ಬಂದು, "ಕಾಯ್ ಔಷಧ ಚಾಲೂ ಆಹೇ?" ಎಂದರು. ಯಾವ ಔಷಧ ನಡೆದಿದೆ ಎಂದು ಮರಾಠಿಯಲ್ಲಿ. ನಾನು ಬಾಯಿ ತೆರೆಯುವ ಮುಂಚೆ ಬೇಲಿಫರು ಮುಂದೆ ಬಂದರು.

"ಸಿಲ್ಡೆನಾಫಿಲ್!"

ಸಮನ್ಸ್ ಕೂಗುವ ದನಿ ಅದು. ಸಾಲಿನಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ಅವರು ಇನ್ನೊಮ್ಮೆ ಕೂಗಿದರು, ನಿನ್ನೆ ತಪ್ಪಿಸಿದ್ದನ್ನೂ ಇವತ್ತು ಎರಡು ಕೂಡಿಸಿ ನುಂಗಿದ್ದನ್ನೂ ಹೇಳಿದರು. ಆಮೇಲೆ ಗೋಡೆಗೆ ಹಣೆ ಹಚ್ಚಿ ಅತ್ತರು.

ಅಕ್ಕ ಉಳಿದರು. ಮೈಯ ನೀರು ಇಳಿಸುವ ಔಷಧ ಕೊಟ್ಟರು, ಇನ್ನೊಂದು ಗುಳಿಗೆ ಕೂಡಿಸಿದರು. ಮನೆಗೆ ಬಂದರೂ ಮಲಗಲು ಆಗುತ್ತಿರಲಿಲ್ಲ. ಅಡ್ಡಾದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒಟ್ಟಿ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಎದುರಿಗೆ ಗಂಡನೂ ಕುಳಿತೇ ಇರುತ್ತಿದ್ದರು. "ರಾತ್ರಿ ಅಕ್ಕಗ ನಿದ್ದಿ ಹತ್ತಿದ್ರ ಮುಂಜಾನೆ ಒಂದ ಮಿಸ್ ಕಾಲ್ ಕೊಡ್ರಿ" ಎಂದು ನಾನು ಅವರಿಗೆ ಹೇಳಿದ್ದೆ. ಬೆಳಕು ಹರಿಯುವ ಮುಂಚೆ ಎದ್ದು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದೆ. ಅದು ಬಡಿಯುತ್ತಿರಲಿಲ್ಲ. ಬಸ್ಸುಗಳು ಹಾರ್ನ್ ಹೊಡೆಯತೊಡಗಿದ ಮೇಲೆ ಎದ್ದು ಆಸ್ಪತ್ರೆಗೆ ಹೋಗುತ್ತಿದ್ದೆ.

ಕುಬಸದ ಮನೆಯ ಸುದ್ದಿ ನನಗಿಂತ ಮೊದಲೇ ಚಿಕ್ಕೋಡಿಗೆ ಬಂದಿತ್ತು. ನನ್ನ ಖೋಲಿಯ ಮನೆಯೊಡತಿ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಮೆಡಿಕಲ್ಲಿನ ಮುಂದೆ ನಿಲ್ಲುವ ಹುಡುಗರು ನನ್ನನ್ನು ಕಂಡರೆ "ಗುಳಿಗಿ ಮೇಡಮ್ ಬಂದ್ಳಲೇ" ಎನ್ನುತ್ತಿದ್ದರು. ಒಂದು ದಿನ ಬೇಲಿಫರು ಅದೇ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಆ ಹುಡುಗರ ನಡುವೆಯೇ ನಿಂತು, ಹೆಂಡತಿಯ ಹೆಸರು, ಗುಳಿಗೆಯ ಹೆಸರು ಎರಡನ್ನೂ ಕೂಗಿ ಕೇಳಿ ತೆಗೆದುಕೊಂಡರು. ನಾನು ಮೇಲಿನ ಕಿಟಕಿಯಿಂದ ನೋಡಿದೆ. ಅವತ್ತು ಯಾರೂ ನಗಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಅಕ್ಕ ಮತ್ತೆ ಮೇಣಕ್ಕೆ ಬಂದರು. ಗುಂಡಿ ಡಬ್ಬಿಯ ಬದಲು ಕೈಯಲ್ಲಿ ಹೆಸರಿರುವ ಗುಳಿಗೆಯ ಹಾಳೆಯೇ ಇತ್ತು. ಮಣಿಕಟ್ಟಿನ ಹುಡುಗಿ ಅವತ್ತೂ ಇದ್ದಳು. "ಅವತ್ತಿನ ಒಡಪ ಬಾಕಿ ಐತ್ರಿ ಅಕ್ಕಾರ" ಎಂದು ಕೆಣಕಿದಳು. ಅಕ್ಕ ಬೆನ್ನು ನೆಟ್ಟಗೆ ಮಾಡಿದರು.

"ಗುಂಡಿ ಡಬ್ಬ್ಯಾಗ ಅಡಗಿಸಿದ್ದ ಯಾರಿಗೂ ಹೇಳಿರಲಿಲ್ಲ,
ಸಿಲ್ಡೆನಾಫಿಲ್ ಅನ್ನಾಕ ನನಗಿನ್ನ ನಾಚಿಕಿ ಇಲ್ಲ,
ನುಂಗಿದ್ಯೋ ಇಲ್ಲೋ ಅಂತ ಕೇಳೂದ ಇವರ ಮರೆಯೂದಿಲ್ಲ..."

ಅದೇ ಉಸಿರಿಗೆ ಗಂಡನ ಹೆಸರು ಬಂತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರು ಹೇಳಬೇಕಾದ್ದು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ತುಟಿಯ ಬಣ್ಣ ನೋಡುತ್ತಿದ್ದೆ.

ಮರುದಿನ ನನಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಗಾಬರಿಯಿಂದ ದಿಂಬಿನ ಕೆಳಗೆ ಫೋನು ತಡಕಿದೆ. ಒಂದು ಮಿಸ್ ಕಾಲ್ ಇತ್ತು. ಅದೂ ಬಿಸಿಲೇರಿದ ಮೇಲೆ ಬಂದದ್ದು. ತಿರುಗಿ ಫೋನ್ ಮಾಡಿದೆ.

"ರಾತ್ರಿ ಅಡ್ಡಾದಾಕಿ ಬಿಸಲ ಏರೂತನಾ ಎದ್ದ ಇಲ್ರಿ ಮೇಡಮ್ಮಾರ" ಎಂದರು ಬೇಲಿಫರು. ದನಿಯಲ್ಲಿ ಇನ್ನೂ ನಿದ್ದೆಯಿತ್ತು. "ನಾನೂ ಎದ್ದ ಇಲ್ಲ. ಹಾಲಿನಾಂವ ಬಾಗಲಾ ಬಡದ ಹ್ವಾದನಂತ, ಕೇಳೇ ಇಲ್ಲ. ನಿಮಗ ಎದ್ದ ಕೂಡ್ಲೇ ರಿಂಗ್ ಕೊಟ್ನೆಲ್ಲ, ಕೇಳಿಲ್ಲೇನ್ರಿ?"

"ಇಲ್ರಿ ಅಣ್ಣಾ" ಎಂದೆ. "ನಾನೂ ಮಕ್ಕೊಂಡಿದ್ದೆ."